ಸಾರ್ವಜನಿಕ ಪ್ರಸಾರ ಯಾರ ಹಂಗಿನಲ್ಲಿರಬೇಕು? ಲೈಸೆನ್ಸ್, ತೆರಿಗೆ, ಅನುದಾನ, ಜಾಹೀರಾತುಗಳ ಹೋಲಿಕೆ

ಆಕಾಶವಾಣಿ, ದೂರದರ್ಶನಗಳ ಮಾತು ಬಂದಾಗಲೆಲ್ಲ ಓದುಗರು ಕೇಳುವ ಪ್ರಶ್ನೆಗಳು ಮೂರು ದಿಕ್ಕಿಗೆ ಎಳೆಯುತ್ತವೆ. ನೂರಾರು ಖಾಸಗಿ ವಾಹಿನಿಗಳಿರುವಾಗ ತೆರಿಗೆಯ ಹಣವನ್ನು ಇದಕ್ಕೇಕೆ ಕೊಡಬೇಕು ಎಂದು ಕೆಲವರು ಕೇಳುತ್ತಾರೆ. ಜಾಹೀರಾತು ತೆಗೆದುಕೊಂಡು ತನ್ನ ಖರ್ಚನ್ನು ತಾನೇ ದುಡಿದುಕೊಳ್ಳಲಿ ಎನ್ನುವವರು ಇನ್ನು ಕೆಲವರು. ಬ್ರಿಟನ್ನಿನಲ್ಲಿರುವಂತೆ ಮನೆಮನೆಯಿಂದ ಶುಲ್ಕ ಪಡೆದರೆ ಸರ್ಕಾರದ ಹಂಗು ತಪ್ಪುವುದಿಲ್ಲವೇ ಎನ್ನುವುದು ಮೂರನೆಯ ಪ್ರಶ್ನೆ. ಮೂರರಲ್ಲೂ ಹುರುಳಿದೆ, ಆದರೆ ಬೇರೆ ಬೇರೆ ದೇಶಗಳು ಈ ದಾರಿಗಳಲ್ಲಿ ನಡೆದು ಏನು ಪಡೆದವು, ಏನು ಕಳೆದುಕೊಂಡವು ಎಂಬುದನ್ನು ಪಕ್ಕಪಕ್ಕದಲ್ಲಿಟ್ಟು ನೋಡದೆ ಯಾವುದನ್ನೂ ಒಪ್ಪುವಂತಿಲ್ಲ, ತಳ್ಳುವಂತಿಲ್ಲ.

ಯಾವ ಕೆಲಸಕ್ಕಾಗಿ ಹಣ ಎಂಬುದು ಮೊದಲು ಸ್ಪಷ್ಟವಾಗಬೇಕು. 1990ರ ಪ್ರಸಾರ ಭಾರತಿ ಕಾಯ್ದೆ, ಆಕಾಶವಾಣಿ, ದೂರದರ್ಶನಗಳೆರಡನ್ನೂ ನಡೆಸುವ ಪ್ರಸಾರ ಭಾರತಿ ಸಂಸ್ಥೆಗೆ ಶಿಕ್ಷಣ, ಕೃಷಿ, ಗ್ರಾಮೀಣ ಅಭಿವೃದ್ಧಿ, ಆರೋಗ್ಯ, ವಿಜ್ಞಾನಗಳತ್ತ ವಿಶೇಷ ಗಮನ ಕೊಡುವ ಹೊಣೆಯನ್ನೂ ದೇಶದ ಎಲ್ಲ ಭಾಗಗಳ ಭಾಷೆ, ಸಂಸ್ಕೃತಿಗಳಿಗೆ ತಕ್ಕ ಜಾಗ ಒದಗಿಸುವ ಹೊಣೆಯನ್ನೂ ಹೊರಿಸಿದೆ. ಮಡಿಕೇರಿ ನಿಲಯದ ಕೊಡವ ಭಾಷೆಯ ಕಾರ್ಯಕ್ರಮ, ಮಂಗಳೂರಿನ ತುಳು, ಕೊಂಕಣಿ ಕಾರ್ಯಕ್ರಮಗಳು, ರೈತರಿಗಾಗಿ ಬರುವ ಕೃಷಿರಂಗ ಇವೆಲ್ಲ ಆ ಹೊಣೆಯ ಪಾಲಿನವು. ಜಾಹೀರಾತುದಾರನ ಕಣ್ಣಿನಲ್ಲಿ ಕೊಡವ ಭಾಷೆಯ ಕೇಳುಗರ ಸಂಖ್ಯೆ ಬಹಳ ಚಿಕ್ಕದು, ಆ ಸಂಖ್ಯೆಗೆ ತಕ್ಕ ಹಣದಿಂದ ಒಂದು ನಿಲಯ ನಡೆಯುವುದಿಲ್ಲ. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ರಾಜ್ಯದ ಶಿಕ್ಷಣ ಇಲಾಖೆ ಸೇತುಬಂಧ ಪಾಠಗಳನ್ನು ಚಂದನ ವಾಹಿನಿಯ ಮೂಲಕ ಪ್ರಸಾರ ಮಾಡಿತು. ಸ್ಮಾರ್ಟ್‌ಫೋನ್ ಇಲ್ಲದ ಮನೆಯ ಮಕ್ಕಳನ್ನು ಅದು ತಲುಪಿತು. ಇಂಥ ಕೆಲಸಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಕಟ್ಟುವವರಿಲ್ಲ, ಆದರೆ ಅದು ನಿಂತುಹೋದರೆ ನಷ್ಟ ನಿಜವಾದದ್ದು. ಈ ಕೆಲಸವೇ ಬೇಡ ಎನ್ನುವವರಿಗೆ ಮುಂದಿನ ಹೋಲಿಕೆಯ ಅಗತ್ಯವಿಲ್ಲ. ಬೇಕು ಎನ್ನುವವರಿಗೆ ಉಳಿಯುವ ಪ್ರಶ್ನೆ, ಹಣ ಎಲ್ಲಿಂದ ಮತ್ತು ಯಾವ ಷರತ್ತಿನ ಮೇಲೆ ಎಂಬುದು.

ಅಳತೆಗೋಲುಗಳು

ನಾನು ಎಲ್ಲಕ್ಕಿಂತ ಮೇಲೆ ಇಡುವ ಅಳತೆ ಹಂಗು. ಹಣದ ನಲ್ಲಿ ಯಾರ ಕೈಯಲ್ಲಿದೆ, ಅವರಿಗೆ ಮುನಿಸು ಬಂದರೆ ಎಷ್ಟು ಬೇಗ ಅದನ್ನು ತಿರುಗಿಸಬಲ್ಲರು ಎಂದು ಕೇಳಬೇಕು. ಹಣದ ಮೊತ್ತ ಎಷ್ಟೇ ದೊಡ್ಡದಿರಲಿ, ಒಂದೇ ಕೈ ಒಂದೇ ದಿನದಲ್ಲಿ ಅದನ್ನು ನಿಲ್ಲಿಸಬಹುದಾದರೆ ಸುದ್ದಿ ವಿಭಾಗದವರು ಪ್ರತಿ ವಾಕ್ಯ ಬರೆಯುವಾಗಲೂ ಆ ಕೈಯನ್ನು ನೆನೆಯುತ್ತಾರೆ. ಸ್ಥಿರತೆ ಇದಕ್ಕೆ ಹತ್ತಿರದ್ದಾದರೂ ಬೇರೆಯದು: ಮಕ್ಕಳ ಧಾರಾವಾಹಿಯನ್ನೋ ಜಾನಪದ ಸಂಗ್ರಹವನ್ನೋ ಕೈಗೆತ್ತಿಕೊಳ್ಳುವವರಿಗೆ ಮುಂದಿನ ಮೂರು, ಐದು ವರ್ಷಗಳ ಲೆಕ್ಕ ಗೊತ್ತಿರಬೇಕು.

ಹೊರೆ ಯಾರ ಮೇಲೆ ಬೀಳುತ್ತದೆ, ಕೂಲಿಕಾರನೂ ಕೋಟ್ಯಧಿಪತಿಯೂ ಒಂದೇ ಮೊತ್ತ ಕೊಡುತ್ತಾರೆಯೇ ಎಂಬುದು ಮೂರನೆಯ ಅಳತೆ. ವಸೂಲಿಗೆ ತಗಲುವ ವೆಚ್ಚ ಮತ್ತು ತಪ್ಪಿಸಿಕೊಳ್ಳುವವರ ಪ್ರಮಾಣ ನಾಲ್ಕನೆಯದು. ಹಣದ ಮೂಲ ಕಾರ್ಯಕ್ರಮಗಳ ಸ್ವರೂಪವನ್ನು ಹೇಗೆ ಬದಲಿಸುತ್ತದೆ ಎಂಬುದನ್ನೂ ಗಮನಿಸಬೇಕು. ಕೊನೆಯದಾಗಿ, ಪೈಪೋಟಿಯಿರುವ ಮಾರುಕಟ್ಟೆಯಲ್ಲಿ ಸಾರ್ವಜನಿಕ ಸಂಸ್ಥೆ ಒಂದು ಕೈಯಲ್ಲಿ ತೆರಿಗೆಯ ಹಣ ಪಡೆದು ಇನ್ನೊಂದು ಕೈಯಲ್ಲಿ ಕಡಿಮೆ ದರಕ್ಕೆ ಜಾಹೀರಾತು ಮಾರಿದರೆ, ಅದೇ ಜಾಹೀರಾತನ್ನು ನಂಬಿ ಬದುಕುವ ಖಾಸಗಿ ವಾಹಿನಿಗಳಿಗೆ ಅನ್ಯಾಯವಾಗುತ್ತದೆ. ಈ ದೂರನ್ನು ಹಗುರವಾಗಿ ತಳ್ಳಿಹಾಕಬಾರದು.

ಲೈಸೆನ್ಸ್ ಶುಲ್ಕ

ಈ ಪದ್ಧತಿ ನಮಗೆ ಹೊಸದಲ್ಲ. 1927ರಲ್ಲಿ ಮುಂಬಯಿ ಮತ್ತು ಕೋಲ್ಕತ್ತಗಳಲ್ಲಿ ಪ್ರಸಾರ ಆರಂಭಿಸಿದ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ನಂಬಿದ್ದು ರೇಡಿಯೊ ಇಟ್ಟವರು ವರ್ಷಕ್ಕೆ ಕೊಡುತ್ತಿದ್ದ 10 ರೂಪಾಯಿ ಲೈಸೆನ್ಸ್ ಹಣದ ಪಾಲನ್ನೇ. ಲೈಸೆನ್ಸ್ ಪಡೆದವರ ಸಂಖ್ಯೆ ಸಾಲದೆ ಕಂಪನಿ ಮೂರೇ ವರ್ಷಗಳಲ್ಲಿ ದಿವಾಳಿಯಾಯಿತು, 1930ರಲ್ಲಿ ಸರ್ಕಾರ ಅದನ್ನು ವಹಿಸಿಕೊಂಡಿತು. ಸ್ವಾತಂತ್ರ್ಯದ ನಂತರವೂ ದಶಕಗಳ ಕಾಲ ಅಂಚೆ ಕಚೇರಿಯಲ್ಲಿ ಹಣ ಕಟ್ಟಿ, ಪುಸ್ತಕಕ್ಕೆ ಚೀಟಿ ಅಂಟಿಸಿಕೊಂಡು ಬರುವ ವ್ಯವಸ್ಥೆಯಿತ್ತು. ಹಳೆಯ ಮನೆಗಳ ಟ್ರಂಕುಗಳಲ್ಲಿ ಆ ಪುಸ್ತಕಗಳು ಇಂದಿಗೂ ಸಿಗುತ್ತವೆ. ಟ್ರಾನ್ಸಿಸ್ಟರ್ ಅಗ್ಗವಾಗಿ ಜೇಬಿನೊಳಗೆ ಸೇರಿದ ಮೇಲೆ ಯಾರ ಬಳಿ ಎಷ್ಟು ಇವೆ ಎಂದು ಲೆಕ್ಕವಿಡುವುದು ಅಸಾಧ್ಯವಾಯಿತು, 1980ರ ದಶಕದ ನಡುವಿನಲ್ಲಿ ಶುಲ್ಕ ರದ್ದಾಯಿತು. ಪ್ರಸಾರ ಭಾರತಿ ಕಾಯ್ದೆಯ 17ನೇ ಕಲಮು ಮಾತ್ರ, ಲೈಸೆನ್ಸ್ ಶುಲ್ಕವೇನಾದರೂ ಇದ್ದರೆ ಅದರ ಹುಟ್ಟುವಳಿಯನ್ನು ಸರ್ಕಾರ ಈ ಸಂಸ್ಥೆಗೆ ಕೊಡಬಹುದು ಎನ್ನುತ್ತದೆ. ಸಂಸ್ಥೆ ಹುಟ್ಟುವ ಮೊದಲೇ ಬತ್ತಿದ್ದ ಬಾವಿಯನ್ನು ಕಾನೂನು ಅದರ ಹೆಸರಿಗೆ ಬರೆದುಕೊಟ್ಟಿತು.

ಬ್ರಿಟನ್ನಿನ ಬಿಬಿಸಿಗೆ ಇಂದಿಗೂ ಇದೇ ಆಧಾರ. 2025ರ ಏಪ್ರಿಲ್‌ನಿಂದ ಒಂದು ಮನೆಗೆ ವರ್ಷದ ಶುಲ್ಕ 174.50 ಪೌಂಡ್ ಆಗಿತ್ತು. ಈ ಹಣದ ಬಹುದೊಡ್ಡ ಗುಣವೆಂದರೆ ಅದು ಸರ್ಕಾರದ ವಾರ್ಷಿಕ ಬಜೆಟ್ಟಿನ ಜಗ್ಗಾಟಕ್ಕೆ ಸಿಗದೆ, ನಾನು ಕೊಟ್ಟ ಹಣದಿಂದ ನಡೆಯುವ ಸಂಸ್ಥೆ ಎಂಬ ಭಾವವನ್ನು ನೋಡುಗನಲ್ಲಿ ಬೆಳೆಸುತ್ತದೆ. ಹಾಗೆಂದು ಸರ್ಕಾರದ ಹಂಗು ಪೂರ್ತಿ ತಪ್ಪಿದೆ ಎಂದು ತಿಳಿಯುವುದು ತಪ್ಪು. ಶುಲ್ಕದ ದರವನ್ನು ನಿಗದಿ ಮಾಡುವುದು ಸರ್ಕಾರವೇ. 2010ರಿಂದ 2017ರವರೆಗೆ ಅದು 145.50 ಪೌಂಡ್‌ನಲ್ಲೇ ನಿಂತಿತ್ತು, ಬೆಲೆಗಳು ಏರುತ್ತಿದ್ದಾಗ ನಿಂತ ದರವೆಂದರೆ ಪ್ರತಿ ವರ್ಷದ ಕಡಿತ. ಅಲ್ಲದೆ ಹಿಂದೆ ವಿದೇಶಾಂಗ ಇಲಾಖೆ ಭರಿಸುತ್ತಿದ್ದ, ಹೊರದೇಶಗಳ ಕೇಳುಗರಿಗಾಗಿ ಬಿಬಿಸಿ ನಡೆಸುವ ವರ್ಲ್ಡ್ ಸರ್ವಿಸ್‌ನ ವೆಚ್ಚವನ್ನು 2014ರಲ್ಲಿ ಇದೇ ಶುಲ್ಕದ ಹಣದ ಮೇಲೆ ಹೊರಿಸಲಾಯಿತು. ಬಿಬಿಸಿಗೆ ಅಧಿಕಾರ ಕೊಡುವ ಈಗಿನ ರಾಜಸನ್ನದು 2027ರ ಕೊನೆಯವರೆಗೆ ಮಾತ್ರ ಇರುವುದರಿಂದ ಅದರ ಮುಂದೇನು ಎಂಬ ಚರ್ಚೆ ಅಲ್ಲಿ ಬಿರುಸಾಗಿದೆ.

ಹೊರೆಯ ಅಳತೆಯಲ್ಲಿ ಈ ಪದ್ಧತಿ ಸೋಲುತ್ತದೆ. ಅರಮನೆಗೂ ಒಂದು ಕೋಣೆಯ ಬಾಡಿಗೆ ಮನೆಗೂ ಶುಲ್ಕ ಒಂದೇ. ಶುಲ್ಕ ಕಟ್ಟದಿರುವುದು ಬ್ರಿಟನ್ನಿನಲ್ಲಿ ಕ್ರಿಮಿನಲ್ ಅಪರಾಧ, ಹಾಗೆ ಶಿಕ್ಷೆಗೊಳಗಾದವರಲ್ಲಿ ಹತ್ತಕ್ಕೆ ಏಳಕ್ಕಿಂತ ಹೆಚ್ಚು ಮಂದಿ ಮಹಿಳೆಯರು. ತಪಾಸಣೆಯವರು ಬಾಗಿಲು ತಟ್ಟುವ ಹೊತ್ತಿನಲ್ಲಿ ಮನೆಯಲ್ಲಿರುವವರು ಹೆಚ್ಚಾಗಿ ಅವರೇ ಎಂಬುದು ಇದಕ್ಕೆ ಕೊಡುವ ಮುಖ್ಯ ಕಾರಣ. ಈ ಒಂದು ಸಂಗತಿಯೇ ನನ್ನನ್ನು ಈ ಪದ್ಧತಿಯಿಂದ ದೂರ ಸರಿಸುತ್ತದೆ.

ವಸೂಲಿಯ ತೊಡಕಿಗೆ ಕೆಲವು ದೇಶಗಳು ಕಂಡುಕೊಂಡ ಉಪಾಯ ವಿದ್ಯುತ್ ಬಿಲ್ಲು. ಇಟಲಿ 2016ರಲ್ಲಿ ಶುಲ್ಕವನ್ನು ಬಿಲ್ಲಿಗೆ ಸೇರಿಸಿತು. ತಪ್ಪಿಸಿಕೊಳ್ಳುವವರ ಸಂಖ್ಯೆ ಕುಸಿದಿದ್ದರಿಂದ 113.50 ಯೂರೊ ಇದ್ದ ದರವನ್ನು ಮೊದಲು 100ಕ್ಕೆ, ಮರುವರ್ಷ 90ಕ್ಕೆ ಇಳಿಸಲು ಸಾಧ್ಯವಾಯಿತು. ಗ್ರೀಸಿನಲ್ಲೂ ಶುಲ್ಕ ವಿದ್ಯುತ್ ಬಿಲ್ಲಿನ ಮೂಲಕವೇ ತಪ್ಪದೆ ಬರುತ್ತಿತ್ತು. ಆದರೂ 2013ರ ಜೂನ್ 11ರಂದು ಅಲ್ಲಿನ ಸರ್ಕಾರ ಸಾರ್ವಜನಿಕ ಪ್ರಸಾರ ಸಂಸ್ಥೆ ಇಆರ್‌ಟಿಯನ್ನು ಮುಚ್ಚುವುದಾಗಿ ಘೋಷಿಸಿ, ಅದೇ ರಾತ್ರಿ ಪರದೆಗಳನ್ನು ಕತ್ತಲಾಗಿಸಿತು. ಎರಡು ವರ್ಷಗಳ ಬಳಿಕ ಅದು ಮತ್ತೆ ತೆರೆಯಿತು. ಹಣ ತಪ್ಪದೆ ಬರುವುದು ಬೇರೆ, ಸಂಸ್ಥೆ ಸ್ವತಂತ್ರವಾಗಿರುವುದು ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ತಿಳಿದಿಲ್ಲ. ಕರ್ನಾಟಕದ ಮಟ್ಟಿಗೆ ಹೇಳುವುದಾದರೆ, 2023ರಿಂದ ಗೃಹಜ್ಯೋತಿ ಯೋಜನೆಯಡಿ 200 ಯೂನಿಟ್‌ವರೆಗೆ ಬಳಸುವ ಅರ್ಹ ಮನೆಗಳಿಗೆ ಶೂನ್ಯ ಬಿಲ್ಲು ಬರುತ್ತಿರುವಾಗ ಅದರಲ್ಲಿ ಪ್ರಸಾರದ ಶುಲ್ಕವೊಂದನ್ನು ಸೇರಿಸುವ ಮಾತನ್ನು ಯಾವ ಪಕ್ಷವೂ ಎತ್ತಲಾರದು.

ಮನೆವಂತಿಗೆ ಮತ್ತು ಆದಾಯಕ್ಕೆ ತಕ್ಕ ತೆರಿಗೆ

ಮೊಬೈಲಿನಲ್ಲೇ ಎಲ್ಲವನ್ನೂ ನೋಡುವ ಕಾಲದಲ್ಲಿ ಪೆಟ್ಟಿಗೆ ಇದೆಯೇ ಇಲ್ಲವೇ ಎಂದು ಹುಡುಕುವುದಕ್ಕೆ ಅರ್ಥವಿಲ್ಲವೆಂದು ಕಂಡುಕೊಂಡ ಜರ್ಮನಿ, 2013ರ ಜನವರಿಯಿಂದ ಪ್ರತಿ ಮನೆಗೂ ಒಂದು ವಂತಿಗೆ ಎಂಬ ನಿಯಮ ತಂದಿತು. 2021ರಲ್ಲಿ ಅದು ತಿಂಗಳಿಗೆ 18.36 ಯೂರೊ ಆಯಿತು. ಸರ್ಕಾರದ ನೆರವಿನಿಂದ ಬದುಕುವವರಿಗೆ ವಿನಾಯಿತಿ ಇದೆ. ಮನೆಯಲ್ಲಿ ಟಿವಿ ಇದೆಯೇ ಎಂದು ಯಾರೂ ಬಾಗಿಲು ತಟ್ಟಿ ನೋಡುವುದಿಲ್ಲ.

ನನ್ನ ಗಮನ ಸೆಳೆದದ್ದು ದರಕ್ಕಿಂತ ಹೆಚ್ಚಾಗಿ ದರ ಗೊತ್ತುಮಾಡುವ ಕ್ರಮ. ಪ್ರಸಾರ ಸಂಸ್ಥೆಗಳು ತಮ್ಮ ಅಗತ್ಯವನ್ನು ಕೆಇಎಫ್ ಎಂಬ ಸ್ವತಂತ್ರ ತಜ್ಞರ ಆಯೋಗದ ಮುಂದಿಡುತ್ತವೆ, ಆಯೋಗ ಲೆಕ್ಕ ತಪಾಸಿಸಿ ದರ ಶಿಫಾರಸು ಮಾಡುತ್ತದೆ, ರಾಜ್ಯಗಳು ಒಪ್ಪಬೇಕು. 2020ರ ಡಿಸೆಂಬರ್‌ನಲ್ಲಿ ಸ್ಯಾಕ್ಸನಿ-ಅನ್ಹಾಲ್ಟ್ ಎಂಬ ಒಂದು ರಾಜ್ಯ ತಡೆದಾಗ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಮಧ್ಯೆ ಪ್ರವೇಶಿಸಿ 2021ರ ಆಗಸ್ಟ್‌ನಲ್ಲಿ ಏರಿಕೆಯನ್ನು ಜಾರಿಗೊಳಿಸಿತು. ನಲ್ಲಿಯ ಮೇಲೆ ಮೂರು ಕೈಗಳಿದ್ದರೆ ಯಾವ ಒಂದು ಕೈಯೂ ಸಲೀಸಾಗಿ ಅದನ್ನು ಮುಚ್ಚಲಾರದು. ಆದರೂ 2025ಕ್ಕೆ ಆಯೋಗ ಸೂಚಿಸಿದ 18.94 ಯೂರೊ ದರವನ್ನು ರಾಜ್ಯಗಳು ಕಾಲಕ್ಕೆ ಸರಿಯಾಗಿ ಜಾರಿಗೆ ತರಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು.

ಫಿನ್ಲೆಂಡ್ 2013ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಆದಾಯದ ಶೇ 0.68ರಷ್ಟನ್ನು, ವರ್ಷಕ್ಕೆ ಹೆಚ್ಚೆಂದರೆ 140 ಯೂರೊವರೆಗೆ, ಪ್ರಸಾರ ತೆರಿಗೆಯೆಂದು ಪಡೆಯುವ ವ್ಯವಸ್ಥೆ ಮಾಡಿತು. ಕಡಿಮೆ ಆದಾಯದವರು ಏನೂ ಕೊಡಬೇಕಾಗಿಲ್ಲ. ಸ್ವೀಡನ್ 2019ರಿಂದ ಇಂಥದ್ದೇ ದಾರಿ ಹಿಡಿದು, ಶೇ 1ರ ದರಕ್ಕೆ ಮೇಲ್ಮಿತಿಯೊಂದನ್ನು ಇಟ್ಟಿದೆ. ಹೊರೆಯ ನ್ಯಾಯ, ವಸೂಲಿಯ ಸುಲಭ ಎರಡನ್ನೂ ಕೂಡಿಸಿ ನೋಡಿದರೆ ಪಟ್ಟಿಯಲ್ಲೇ ಉತ್ತಮವಾದದ್ದು ಇದು. ಭಾರತಕ್ಕೆ ಇದನ್ನು ಹಾಗೆಯೇ ತರಲಾಗದಿರುವುದಕ್ಕೆ ಕಾರಣ ಸರಳ: ನಮ್ಮಲ್ಲಿ ಆದಾಯ ತೆರಿಗೆ ಕಟ್ಟುವವರು ಜನಸಂಖ್ಯೆಯ ಚಿಕ್ಕ ಪಾಲು. ರೈತನಿಗೂ ಕೂಲಿಕಾರನಿಗೂ ಬೇಕಾದ ಸೇವೆಯನ್ನು ಆ ಚಿಕ್ಕ ಪಾಲಿನ ಮೇಲೆ ಮಾತ್ರ ಹೊರಿಸಿದರೆ ಅವರು ತಾವು ಕೇಳದ ನಿಲಯಗಳಿಗೆ ಹಣ ಕೊಡುತ್ತಿದ್ದೇವೆಂದು ಬೇಗ ತಿರುಗಿಬೀಳುತ್ತಾರೆ.

ಸರ್ಕಾರದ ಅನುದಾನ

ನಾವಿರುವುದು ಈ ದಾರಿಯಲ್ಲಿ, ಆದ್ದರಿಂದ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕಾಗಿದೆ. 1990ರಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ಜಾರಿಗೆ ಬಂದದ್ದು 1997ರ ಸೆಪ್ಟೆಂಬರ್‌ನಲ್ಲಿ, ಸಂಸ್ಥೆ ಅಸ್ತಿತ್ವಕ್ಕೆ ಬಂದದ್ದು ಅದೇ ವರ್ಷದ ನವೆಂಬರ್ 23ರಂದು. ಅದಕ್ಕೆ ಎರಡು ವರ್ಷ ಮೊದಲು, 1995ರಲ್ಲಿ, ಬಂಗಾಳ ಕ್ರಿಕೆಟ್ ಸಂಸ್ಥೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತರಂಗಾಂತರಗಳು ಸಾರ್ವಜನಿಕ ಆಸ್ತಿ ಎಂದು ಹೇಳಿತ್ತು. ಕಾಗದದ ಮೇಲೆ ಸ್ವಾಯತ್ತತೆ ಬಂತು. ಹಣ ಮಾತ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಮೂಲಕ, ವರ್ಷ ವರ್ಷವೂ ಕೇಳಿ ಪಡೆಯುವ ಅನುದಾನವಾಗಿಯೇ ಉಳಿಯಿತು. ಇತ್ತೀಚಿನ ಬಜೆಟ್‌ಗಳಲ್ಲಿ ಅದು ಸುಮಾರು 2,500 ಕೋಟಿ ರೂಪಾಯಿ. 140 ಕೋಟಿ ಜನರಿಗೆ ಹಂಚಿದರೆ ತಲೆಗೆ ವರ್ಷಕ್ಕೆ 20 ರೂಪಾಯಿಯೂ ಆಗುವುದಿಲ್ಲ, ಅದರಲ್ಲೂ ಬಹುಪಾಲು ಹೋಗುವುದು ಸಿಬ್ಬಂದಿಯ ವೇತನಕ್ಕೆ. ಯಂತ್ರೋಪಕರಣಗಳಿಗೆ ಪ್ರತ್ಯೇಕ ಯೋಜನೆಗಳಿವೆ. 2023ರ ಜನವರಿಯಲ್ಲಿ ಒಪ್ಪಿಗೆ ಪಡೆದ ಬಿಂಡ್ ಯೋಜನೆ 2025–26ರವರೆಗಿನ ಅವಧಿಗೆ 2,539.61 ಕೋಟಿ ರೂಪಾಯಿಯದು. ಹೀಗೆ ವೇತನಕ್ಕೆ ಹಣವಿದೆ, ಗೋಪುರಕ್ಕೆ ಹಣವಿದೆ, ಇವೆರಡರ ನಡುವೆ ಸೊರಗುವುದು ಕಾರ್ಯಕ್ರಮ.

ಅನುದಾನಕ್ಕೆ ತನ್ನದೇ ಆದ ಗುಣಗಳಿವೆ. ವಸೂಲಿಗೆಂದು ಬೇರೆ ಖರ್ಚಿಲ್ಲ, ತಪ್ಪಿಸಿಕೊಳ್ಳುವವರ ಚಿಂತೆಯಿಲ್ಲ. ಬಡವನ ಮೇಲೆ ನೇರ ಹೊರೆಯಿಲ್ಲ. ಕೇಳುಗರ ಸಂಖ್ಯೆ ಎಷ್ಟಿದೆ ಎಂಬ ಲೆಕ್ಕ ಹಾಕದೆ ಶಾಸ್ತ್ರೀಯ ಸಂಗೀತಕ್ಕೆ, ಕೃಷಿಗೆ, ಚಿಕ್ಕ ಭಾಷೆಗಳಿಗೆ ಸಮಯ ಕೊಡಬಹುದು. ಹಂಗಿನ ಅಳತೆಯಲ್ಲಿ ಮಾತ್ರ ಇದು ಎಲ್ಲಕ್ಕಿಂತ ಕೆಳಗೆ ನಿಲ್ಲುತ್ತದೆ, ಏಕೆಂದರೆ ಸುದ್ದಿಯಲ್ಲಿ ಪ್ರಶ್ನಿಸಬೇಕಾದ ಸರ್ಕಾರದ ಬಳಿಯೇ ಮುಂದಿನ ವರ್ಷದ ಹಣಕ್ಕೆ ಕೈಯೊಡ್ಡಬೇಕು. ಆಸ್ಟ್ರೇಲಿಯ 1974ರಲ್ಲಿ ಲೈಸೆನ್ಸ್ ಶುಲ್ಕವನ್ನು ರದ್ದುಮಾಡಿ ತನ್ನ ಸಾರ್ವಜನಿಕ ಪ್ರಸಾರ ಸಂಸ್ಥೆ ಎಬಿಸಿಯನ್ನು ಅನುದಾನಕ್ಕೆ ಒಪ್ಪಿಸಿದ ಮೇಲೆ ಸರ್ಕಾರ ಬದಲಾದಂತೆ ಅದರ ಹಣವೂ ಏರಿಳಿದಿದೆ. ಡೆನ್ಮಾರ್ಕ್ 2018ರಲ್ಲಿ ಶುಲ್ಕದಿಂದ ತೆರಿಗೆಗೆ ಹೊರಳಲು ತೀರ್ಮಾನಿಸಿದಾಗ ಅದರ ಜೊತೆಯಲ್ಲೇ ಸಾರ್ವಜನಿಕ ಪ್ರಸಾರ ಸಂಸ್ಥೆಯ ಹಣದಲ್ಲಿ ಸುಮಾರು ಶೇ 20ರ ಕಡಿತವನ್ನೂ ಪ್ರಕಟಿಸಿತು. ಫ್ರಾನ್ಸ್ 2022ರಲ್ಲಿ 138 ಯೂರೊ ಶುಲ್ಕವನ್ನು ತೆಗೆದುಹಾಕಿ ಮೌಲ್ಯವರ್ಧಿತ ತೆರಿಗೆಯ ಒಂದು ಪಾಲನ್ನು ಅದರ ಬದಲಿಗೆ ಕೊಟ್ಟಿತು.

ಅನುದಾನವನ್ನು ಮುಂಗಡವಾಗಿ ಒಪ್ಪಿಕೊಂಡರೆ ಸಾಕೇ? ಅಮೆರಿಕದಲ್ಲಿ 1967ರ ಕಾಯ್ದೆಯಿಂದ ಹುಟ್ಟಿದ, ಸಾರ್ವಜನಿಕ ನಿಲಯಗಳಿಗೆ ಹಣ ಹಂಚುತ್ತಿದ್ದ ಕಾರ್ಪೊರೇಷನ್ ಫಾರ್ ಪಬ್ಲಿಕ್ ಬ್ರಾಡ್‌ಕಾಸ್ಟಿಂಗ್‌ಗೆ ಎರಡು ವರ್ಷ ಮುಂಚಿತವಾಗಿಯೇ ಹಣ ಮಂಜೂರು ಮಾಡುವ ಸಂಪ್ರದಾಯವಿತ್ತು. ದಿನದಿನದ ರಾಜಕೀಯದಿಂದ ಅದನ್ನು ದೂರವಿಡುವುದೇ ಅದರ ಉದ್ದೇಶ. 2025ರ ಜುಲೈನಲ್ಲಿ ಅಲ್ಲಿನ ಸಂಸತ್ತು ಹಾಗೆ ಮಂಜೂರಾಗಿದ್ದ ಎರಡು ವರ್ಷಗಳ ಸುಮಾರು 110 ಕೋಟಿ ಡಾಲರ್ ಅನ್ನು ವಾಪಸ್ ಪಡೆಯಿತು, ಮರುತಿಂಗಳೇ ಸಂಸ್ಥೆ ತನ್ನ ಕೆಲಸವನ್ನು ಮುಗಿಸುವುದಾಗಿ ಪ್ರಕಟಿಸಿತು. ದೊಡ್ಡ ನಗರಗಳ ನಿಲಯಗಳಿಗೆ ದೇಣಿಗೆದಾರರಿದ್ದಾರೆ. ದೂರದ ಹಳ್ಳಿಗಾಡಿನ ಮತ್ತು ಬುಡಕಟ್ಟು ಸಮುದಾಯಗಳ ನಿಲಯಗಳಿಗೆ ಇದೇ ಹಣ ಮುಖ್ಯ ಆಸರೆಯಾಗಿತ್ತು. ಕೊಡುವವನೇ ಹಿಂತೆಗೆದುಕೊಳ್ಳಲು ಬರುವಂತಿದ್ದರೆ ಮುಂಗಡದ ಕಾಗದಕ್ಕೆ ಬಲ ಬರುವುದಿಲ್ಲ.

ನಮಗೆ ಇಲ್ಲಿ ಒಂದು ಮನೆಯ ಮಾದರಿಯಿದೆ. ಸಂವಿಧಾನದ 280ನೇ ವಿಧಿಯಂತೆ ಐದು ವರ್ಷಗಳಿಗೊಮ್ಮೆ ರಚನೆಯಾಗುವ ಹಣಕಾಸು ಆಯೋಗ ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳ ಪಾಲನ್ನು ಸೂಚಿಸುತ್ತದೆ. ಅದರ ಸೂತ್ರದ ಬಗ್ಗೆ ಕರ್ನಾಟಕಕ್ಕೆ ನ್ಯಾಯವಾದ ಅಸಮಾಧಾನಗಳಿದ್ದರೂ, ಯಾವುದೋ ಒಂದು ಬೆಳಿಗ್ಗೆ ಒಬ್ಬ ಸಚಿವರು ಮನಸ್ಸು ಮಾಡಿ ಪಾಲನ್ನು ನಿಲ್ಲಿಸಲಾಗದು ಎಂಬ ಭದ್ರತೆ ಅದರಲ್ಲಿದೆ. ಸಾರ್ವಜನಿಕ ಪ್ರಸಾರಕ್ಕೂ ಇದೇ ಬಗೆಯ, ಶಾಸನದ ಬಲವಿರುವ, ಐದು ವರ್ಷಗಳ ಮೊತ್ತವನ್ನು ಒಮ್ಮೆಗೇ ಗೊತ್ತುಮಾಡುವ ಆಯೋಗವೊಂದನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ಜರ್ಮನಿಯ ವಂತಿಗೆಯನ್ನು ನಾವು ತರಲಾಗದಿರಬಹುದು, ಅದರ ಆಯೋಗವನ್ನು ತರಬಹುದು.

ಜಾಹೀರಾತು ಮತ್ತು ಸ್ವಂತ ಗಳಿಕೆ

ವಿವಿಧ ಭಾರತಿ 1967ರ ನವೆಂಬರ್‌ನಿಂದ, ದೂರದರ್ಶನ 1976ರಿಂದ ಜಾಹೀರಾತು ಪಡೆಯುತ್ತಿವೆ. ಬೇರೆ ವಾಹಿನಿಯೇ ಇಲ್ಲದ ಕಾಲದಲ್ಲಿ ಇದು ಸುಲಭದ ಸಂಪಾದನೆಯಾಗಿತ್ತು. 1990ರ ದಶಕದಲ್ಲಿ ಉಪಗ್ರಹ ವಾಹಿನಿಗಳು ಬಂದು, 2001ರಲ್ಲಿ ಬೆಂಗಳೂರಿನಿಂದಲೇ ಖಾಸಗಿ ಎಫ್‌ಎಂ ಆರಂಭವಾದ ಮೇಲೆ ಜಾಹೀರಾತುದಾರನಿಗೆ ಆಯ್ಕೆಗಳು ಹೆಚ್ಚಿದವು. ಈಗ ಆ ಹಣದ ದೊಡ್ಡ ಪಾಲು ಗೂಗಲ್, ಮೆಟಾ ಕಂಪನಿಗಳತ್ತ ಹರಿಯುತ್ತಿದೆ. ಖಾಸಗಿ ವಾಹಿನಿಗಳೇ ಬಿಗಿಹಿಡಿದು ನಿಂತಿರುವ ಈ ಮಾರುಕಟ್ಟೆಯಲ್ಲಿ ಸಾರ್ವಜನಿಕ ಸಂಸ್ಥೆ ಸಂಪೂರ್ಣವಾಗಿ ಜಾಹೀರಾತನ್ನು ನಂಬಿದರೆ, ಹೆಚ್ಚು ಜನ ನೋಡುವ ಕಾರ್ಯಕ್ರಮಗಳನ್ನೇ ಮಾಡಬೇಕಾಗುತ್ತದೆ, ಆಗ ಅದಕ್ಕೂ ಉಳಿದವರಿಗೂ ವ್ಯತ್ಯಾಸವೇನು ಎಂಬ ಪ್ರಶ್ನೆಗೆ ಉತ್ತರವಿರುವುದಿಲ್ಲ.

ಆದರೂ ಇದನ್ನು ಪೂರ್ತಿ ತಳ್ಳಿಹಾಕಲಾಗದು. ಬ್ರಿಟನ್ನಿನ ಚಾನೆಲ್ 4 ಸರ್ಕಾರದ ಒಡೆತನದ್ದು, 1982ರಿಂದ ಜಾಹೀರಾತಿನಿಂದಲೇ ಬಹುಮಟ್ಟಿಗೆ ನಡೆದುಬಂದಿದೆ. ಹೊಸ ಬಗೆಯ, ಉಳಿದವರು ಮಾಡದ ಕಾರ್ಯಕ್ರಮಗಳನ್ನು ಹೊರಗಿನ ನಿರ್ಮಾಪಕರಿಂದ ಮಾಡಿಸಬೇಕೆಂಬ ಹೊಣೆಯನ್ನು ಕಾನೂನಿನಲ್ಲೇ ಬರೆದಿದ್ದರಿಂದ ಅದು ತನ್ನ ಗುರುತನ್ನು ಉಳಿಸಿಕೊಂಡಿತು. ಅದನ್ನು ಖಾಸಗಿಯವರಿಗೆ ಮಾರುವ ಪ್ರಸ್ತಾಪವನ್ನು 2023ರ ಜನವರಿಯಲ್ಲಿ ಅಲ್ಲಿನ ಸರ್ಕಾರ ಕೈಬಿಟ್ಟಿತು. ದೊಡ್ಡ ಜಾಹೀರಾತು ಮಾರುಕಟ್ಟೆ, ಗಟ್ಟಿಯಾದ ಕಾನೂನು ಎರಡೂ ಇದ್ದಲ್ಲಿ ಈ ದಾರಿ ನಡೆಯುತ್ತದೆ.

ನಮ್ಮಲ್ಲಿ ಜಾಹೀರಾತಿಗಿಂತ ಹೆಚ್ಚು ಭರವಸೆ ಮೂಡಿಸಿರುವುದು ದೂರದರ್ಶನದ ಉಪಗ್ರಹ ಟಿವಿ ಸೇವೆಯಾದ ಡಿಡಿ ಫ್ರೀ ಡಿಶ್. 2004ರ ಡಿಸೆಂಬರ್‌ನಲ್ಲಿ ಆರಂಭವಾದ ಈ ಸೇವೆಗೆ ನೋಡುಗರು ತಿಂಗಳ ಬಾಡಿಗೆ ಕಟ್ಟಬೇಕಾಗಿಲ್ಲ. ಅದರಲ್ಲಿ ಜಾಗ ಬೇಕಾದ ಖಾಸಗಿ ವಾಹಿನಿಗಳು ಹರಾಜಿನಲ್ಲಿ ಕೂಗಿ ಹಣ ಕೊಡುತ್ತವೆ, ಅದರಿಂದ ವರ್ಷಕ್ಕೆ ನೂರಾರು ಕೋಟಿ ರೂಪಾಯಿ ಬರುತ್ತದೆ. ಈ ಗಳಿಕೆಯ ಚೆಲುವು ಏನೆಂದರೆ ಅದು ಕಾರ್ಯಕ್ರಮವನ್ನು ಮುಟ್ಟುವುದಿಲ್ಲ. ಮನೆಯ ಮುಂಭಾಗದ ಮಳಿಗೆಗಳನ್ನು ಬಾಡಿಗೆಗೆ ಕೊಟ್ಟು ಒಳಗಿನ ಸಂಸಾರವನ್ನು ತನ್ನ ಇಷ್ಟದಂತೆ ನಡೆಸಿದ ಹಾಗೆ. ಬಾಡಿಗೆದಾರರು ಬಿಟ್ಟುಹೋಗುವ ಭಯ ಮಾತ್ರ ಇದ್ದೇ ಇದೆ: 2019ರಲ್ಲಿ ಒಮ್ಮೆ, 2022ರಲ್ಲಿ ಮತ್ತೊಮ್ಮೆ ದೊಡ್ಡ ಸಮೂಹಗಳು ತಮ್ಮ ಹಿಂದಿ ಮನರಂಜನಾ ವಾಹಿನಿಗಳನ್ನು ಅಲ್ಲಿಂದ ಹಿಂತೆಗೆದುಕೊಂಡಿದ್ದವು. ಕ್ರೀಡೆಯಿಂದಲೂ ಒಂದಿಷ್ಟು ಬರುತ್ತದೆ. 2007ರ ಕಾಯ್ದೆಯಂತೆ ರಾಷ್ಟ್ರೀಯ ಮಹತ್ವದ ಪಂದ್ಯಗಳ ನೇರ ಪ್ರಸಾರವನ್ನು ಹಕ್ಕುದಾರರು ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಬೇಕು. ಆದರೆ ಟಿವಿ ಜಾಹೀರಾತಿನ ಆದಾಯದಲ್ಲಿ ಶೇ 75 ಹಕ್ಕುದಾರರಿಗೆ ಹೋಗಿ, ಶೇ 25 ಮಾತ್ರ ಇಲ್ಲಿ ಉಳಿಯುತ್ತದೆ.

ಖಾಸಗಿ ಪ್ರಸಾರಕರಿಂದ ಸುಂಕ

ಸ್ಪೇನ್ 2010ರ ಜನವರಿಯಿಂದ ತನ್ನ ಸಾರ್ವಜನಿಕ ಟಿವಿಯಲ್ಲಿ ಜಾಹೀರಾತನ್ನು ನಿಲ್ಲಿಸಿತು. ಹಾಗೆ ಬಿಟ್ಟುಕೊಟ್ಟ ಜಾಹೀರಾತು ಖಾಸಗಿಯವರಿಗೆ ಸಿಗುವುದರಿಂದ, ಅವರ ಆದಾಯದ ಶೇ 3ನ್ನೂ ಟೆಲಿಕಾಂ ಕಂಪನಿಗಳ ಆದಾಯದ ಶೇ 0.9ನ್ನೂ ಸುಂಕವಾಗಿ ಪಡೆಯುವ ನಿಯಮ ಮಾಡಿತು. ಪೈಪೋಟಿಯ ದೂರಿಗೆ ಇದು ನೇರವಾದ ಉತ್ತರ. ಖಾಸಗಿಯವರ ಗಳಿಕೆ ಕುಗ್ಗಿದ ವರ್ಷ ಸಾರ್ವಜನಿಕ ಸಂಸ್ಥೆಯ ಹಣವೂ ಕುಗ್ಗುತ್ತದೆ ಎಂಬುದು ಇದರ ದೌರ್ಬಲ್ಯ.

ನಮ್ಮಲ್ಲಿ ಇದಕ್ಕೆ ಬೇಕಾದ ಅಡಿಪಾಯ ಈಗಾಗಲೇ ಇದೆ. ಖಾಸಗಿ ಎಫ್‌ಎಂ ನಿಲಯಗಳು ತಮ್ಮ ಒಟ್ಟು ಆದಾಯದ ಶೇ 4ನ್ನು, ಡಿಟಿಎಚ್ ಕಂಪನಿಗಳು ಹೊಂದಾಣಿಕೆ ಮಾಡಿದ (ಕೆಲವು ಬಾಬ್ತು ಕಳೆದು ಉಳಿದ) ಆದಾಯದ ಶೇ 8ನ್ನು ಸರ್ಕಾರಕ್ಕೆ ಲೈಸೆನ್ಸ್ ಶುಲ್ಕವೆಂದು ಕೊಡುತ್ತವೆ. ಈ ಹಣ ಸರ್ಕಾರದ ಸಾಮಾನ್ಯ ಬೊಕ್ಕಸಕ್ಕೆ ಸೇರುತ್ತದೆ. ಸಾರ್ವಜನಿಕ ಆಸ್ತಿಯಾದ ತರಂಗಾಂತರವನ್ನು ಬಳಸಿ ಲಾಭ ಮಾಡುವವರು ಕೊಡುವ ಹಣವನ್ನು ಸಾರ್ವಜನಿಕ ಪ್ರಸಾರಕ್ಕೆ ಮೀಸಲಿಡುವುದಕ್ಕಿಂತ ಹೆಚ್ಚು ನ್ಯಾಯವಾದ ಬಳಕೆ ನನಗೆ ಕಾಣುವುದಿಲ್ಲ. ಹೊಸ ತೆರಿಗೆ ಹಾಕಬೇಕಾಗಿಲ್ಲ, ಯಾವ ಮನೆಯ ಬಾಗಿಲನ್ನೂ ತಟ್ಟಬೇಕಾಗಿಲ್ಲ. ಆದರೆ ಮೀಸಲು ಎಂಬ ಮಾತನ್ನು ಎಚ್ಚರದಿಂದ ಓದಬೇಕು. ಟೆಲಿಕಾಂ ಕಂಪನಿಗಳಿಂದ ಗ್ರಾಮೀಣ ಸಂಪರ್ಕಕ್ಕೆಂದೇ ಆದಾಯದ ಶೇ 5ನ್ನು ಪಡೆಯುವ ಸಾರ್ವತ್ರಿಕ ಸೇವಾ ನಿಧಿಯ ಹಣ ಮೊದಲು ಸರ್ಕಾರದ ಸಾಮಾನ್ಯ ಬೊಕ್ಕಸವಾದ ಸಂಚಿತ ನಿಧಿಗೆ ಹೋಗಿ, ಅಲ್ಲಿಂದ ಪೂರ್ತಿಯಾಗಿ ಈಚೆ ಬರಲಿಲ್ಲವೆಂದು ಮಹಾಲೇಖಪಾಲರ ವರದಿಗಳು ಆಕ್ಷೇಪಿಸಿವೆ. ಆದ್ದರಿಂದ ಸುಂಕವನ್ನು ನೆಚ್ಚುವವರು ಅದರ ದರಕ್ಕಿಂತ ಹೆಚ್ಚಾಗಿ ಅದು ಹರಿಯುವ ಕಾಲುವೆಯ ಕಾನೂನನ್ನು ಕೇಳಬೇಕು.

ಚಂದಾ, ದೇಣಿಗೆ, ಸ್ಪರ್ಧೆಯ ನಿಧಿ

ಚಂದಾ ಕೊಟ್ಟವರಿಗೆ ಮಾತ್ರ ಸೇವೆ ಎಂದರೆ ಅದು ಸಾರ್ವಜನಿಕವಾಗಿ ಉಳಿಯುವುದಿಲ್ಲ, ಇದರ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. ದೇಣಿಗೆಯ ಮಾತು ಬಂದಾಗ ಕನ್ನಡಿಗರು ನೆನೆಯಬೇಕಾದದ್ದು ಮೈಸೂರನ್ನು. ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರು. ಇಡೀ ದೇಶದ ರೇಡಿಯೊ ಇಂದು ಹೊತ್ತಿರುವ ಆಕಾಶವಾಣಿ ಎಂಬ ಹೆಸರು ಆ ನಿಲಯದ್ದು. ಅಷ್ಟು ಶ್ರದ್ಧೆಯಿಂದ ಹುಟ್ಟಿದ ನಿಲಯವನ್ನೂ ಕೆಲವೇ ವರ್ಷಗಳಲ್ಲಿ ಮೈಸೂರು ಸಂಸ್ಥಾನದ ಸರ್ಕಾರ ವಹಿಸಿಕೊಳ್ಳಬೇಕಾಯಿತು. ಹುಟ್ಟುಹಾಕುವುದಕ್ಕೆ ಒಬ್ಬರ ಉತ್ಸಾಹ ಸಾಕಾಗುತ್ತದೆ, ದಿನದಿನ ನಡೆಸುವುದಕ್ಕೆ ನಿಲ್ಲದ ಹಣ ಬೇಕು.

ನ್ಯೂಜಿಲೆಂಡಿನಲ್ಲಿ ಸಾರ್ವಜನಿಕ ಹಣ ಹಂಚುವ ಎನ್‌ಝಡ್ ಆನ್ ಏರ್ ಸಂಸ್ಥೆ ಬೇರೆಯೇ ಬಗೆಯದು. ಅದು ಹೆಚ್ಚಿನ ಹಣವನ್ನು ವಾಹಿನಿಗೆ ಕೊಡದೆ ಕಾರ್ಯಕ್ರಮಕ್ಕೆ ಕೊಡುತ್ತದೆ, ಖಾಸಗಿ ವಾಹಿನಿಯೂ ಅರ್ಜಿ ಹಾಕಬಹುದು. ಐರ್ಲೆಂಡ್ ತನ್ನ ಲೈಸೆನ್ಸ್ ಹಣದ ಶೇ 7ನ್ನು ಇಂಥ ನಿಧಿಗೆ ಎತ್ತಿಡುತ್ತದೆ. ಮಕ್ಕಳ ಕಾರ್ಯಕ್ರಮ, ಸಾಕ್ಷ್ಯಚಿತ್ರಗಳಿಗೆ ಇದು ಚೆನ್ನಾಗಿ ಒದಗುತ್ತದೆ. ಪ್ರತಿದಿನದ ಸುದ್ದಿ, ಹವಾಮಾನ, ನೆರೆಯ ಮುನ್ಸೂಚನೆಗಳನ್ನು ಅರ್ಜಿ ಹಾಕಿ ಕಾಯುತ್ತ ನಡೆಸಲಾಗದು.

ಯಾರಿಗೆ ಯಾವುದು

ಇಲ್ಲಿಗೆ ಬಂದ ಮೇಲೆ ಓದುಗರು ತಮ್ಮ ಮೊದಲ ಕಾಳಜಿ ಯಾವುದೆಂದು ತಮ್ಮನ್ನೇ ಕೇಳಿಕೊಂಡರೆ ಆಯ್ಕೆ ಸುಲಭವಾಗುತ್ತದೆ. ಸುದ್ದಿ ಸ್ವತಂತ್ರವಾಗಿರಬೇಕು ಎಂಬುದೇ ಎಲ್ಲಕ್ಕಿಂತ ಮೇಲೆ ಎನ್ನುವವರು ಸಚಿವಾಲಯದ ವಾರ್ಷಿಕ ಅನುದಾನವನ್ನು ಒಪ್ಪಲಾರರು. ಅವರಿಗೆ ಬೇಕಾದದ್ದು ಸ್ವತಂತ್ರ ಆಯೋಗ ಗೊತ್ತುಮಾಡುವ, ಶಾಸನದ ಬಲದ ಐದು ವರ್ಷಗಳ ಮೊತ್ತ. ತೆರಿಗೆದಾರನ ಹೊರೆ ಹೆಚ್ಚಬಾರದು ಎನ್ನುವವರು ಫ್ರೀ ಡಿಶ್‌ನಂಥ ಸೌಕರ್ಯಗಳ ಗಳಿಕೆ ಮತ್ತು ಖಾಸಗಿ ಪ್ರಸಾರಕರ ಲೈಸೆನ್ಸ್ ಶುಲ್ಕದ ಮೀಸಲಾತಿಯನ್ನು ಬೆಂಬಲಿಸಬಹುದು, ಆದರೆ ಇವು ಏರಿಳಿಯುವ ಹಣವಾದ್ದರಿಂದ ನಿತ್ಯದ ಖರ್ಚಿಗೆ ಪೂರ್ತಿ ಇವನ್ನೇ ನಂಬಲಾಗದೆಂದು ಒಪ್ಪಿಕೊಳ್ಳಬೇಕು. ಖಾಸಗಿ ಮಾಧ್ಯಮದಲ್ಲಿ ದುಡಿಯುವವರು ಪೈಪೋಟಿ ನ್ಯಾಯವಾಗಿರಲಿ ಎಂದು ಬಯಸಿದರೆ ಸ್ಪೇನಿನ ಕೊಡುಕೊಳ್ಳುವಿಕೆಯನ್ನು ಮುಂದಿಡಬಹುದು: ಸಾರ್ವಜನಿಕ ವಾಹಿನಿ ಜಾಹೀರಾತು ಬಿಡಲಿ, ನಾವು ಸುಂಕ ಕೊಡುತ್ತೇವೆ. ಯೂರೋಪಿನಲ್ಲಿ ನೆಲೆಸಿದ ಕನ್ನಡಿಗರು ಅಲ್ಲಿನ ಚರ್ಚೆಯಲ್ಲಿ ಪಾಲ್ಗೊಳ್ಳುವಾಗ ಆದಾಯಕ್ಕೆ ತಕ್ಕ ತೆರಿಗೆಯ ಪರ ಮಾತಾಡಿದರೆ ನಾನು ಅವರ ಜೊತೆಗಿದ್ದೇನೆ.

ಭಾರತಕ್ಕೆ ನಾನು ಸೂಚಿಸುವುದು ಬೆರಕೆಯನ್ನು, ಆದರೆ ಕೆಲಸಕ್ಕೆ ತಕ್ಕಂತೆ ವಿಂಗಡಿಸಿದ ಬೆರಕೆಯನ್ನು. ಸುದ್ದಿ ಮತ್ತು ಭಾಷಾ ಸೇವೆಗಳಿಗೆ ಆಯೋಗ ಗೊತ್ತುಮಾಡಿದ ಅನುದಾನ, ಕಾರ್ಯಕ್ರಮ ನಿರ್ಮಾಣಕ್ಕೆ ಖಾಸಗಿ ಪ್ರಸಾರಕರ ಶುಲ್ಕದಿಂದ ಮೀಸಲಾದ ನಿಧಿ, ಗೋಪುರ ಮತ್ತು ಉಪಗ್ರಹಗಳಿಗೆ ಫ್ರೀ ಡಿಶ್‌ನ ಗಳಿಕೆ. ಜಾಹೀರಾತು ಮನರಂಜನೆ ಮತ್ತು ಕ್ರೀಡೆಗೆ ಮಾತ್ರ ಸೀಮಿತವಾಗಿರಲಿ.

ತುಳು, ಕೊಡವ, ಬ್ಯಾರಿ ಭಾಷೆಗಳ ಕಾಳಜಿಯುಳ್ಳವರಿಗೆ ಇನ್ನೊಂದು ಮಾತು. ವೇಲ್ಸ್‌ನಲ್ಲಿ ವೆಲ್ಷ್ ಭಾಷೆಯ ಎಸ್4ಸಿ ವಾಹಿನಿ 1982ರಲ್ಲಿ ಹೋರಾಟದ ಫಲವಾಗಿ ಹುಟ್ಟಿತು. ಒಂದು ಕಾಲದಲ್ಲಿ ಬೆಲೆಯೇರಿಕೆಗೆ ತಕ್ಕಂತೆ ಹೆಚ್ಚುವ ಸರ್ಕಾರಿ ಹಣ ಕಾನೂನಿನ ಮೂಲಕ ಅದಕ್ಕೆ ಸಿಗುತ್ತಿತ್ತು. 2010ರ ನಂತರ ಆ ಸೂತ್ರ ಹೋಯಿತು, 2022ರಿಂದ ಅದರ ಸಾರ್ವಜನಿಕ ಹಣವೆಲ್ಲ ಬಿಬಿಸಿಯ ಲೈಸೆನ್ಸ್ ಶುಲ್ಕದಿಂದಲೇ ಬರಬೇಕಾಗಿದೆ. ದೊಡ್ಡ ಸಂಸ್ಥೆಯ ಚೀಲದೊಳಗೆ ಚಿಕ್ಕ ಭಾಷೆಯ ಪಾಲನ್ನು ಬೆರೆಸಿಬಿಟ್ಟರೆ, ಚೀಲ ತೆಳುವಾದಾಗ ಆ ಪಾಲು ಎಷ್ಟು ಉಳಿಯುತ್ತದೆ ಎಂದು ಯಾರೂ ಮೊದಲೇ ಹೇಳಲಾರರು. ಮಡಿಕೇರಿ, ಮಂಗಳೂರು ನಿಲಯಗಳ ಭಾಷಾ ಕಾರ್ಯಕ್ರಮಗಳಿಗೆ ಎಷ್ಟು ಗಂಟೆ, ಎಷ್ಟು ಹಣ ಎಂಬುದು ಒಟ್ಟು ಅನುದಾನದಲ್ಲಿ ಕರಗಿಹೋಗದೆ, ಬಜೆಟ್ ಪುಸ್ತಕದಲ್ಲಿ ಪ್ರತ್ಯೇಕ ಸಾಲಾಗಿ ಬರಬೇಕೆಂದು ಈಗಿನಿಂದಲೇ ಕೇಳಬೇಕು. ಯಾವ ಪದ್ಧತಿ ಬಂದರೂ ಆ ಸಾಲು ಉಳಿಯುವಂತೆ ನೋಡಿಕೊಳ್ಳಬಹುದು.